ಹೋಸ್ಟಿಂಗ್ ಗ್ರಾಹಕರಿಗೆಲ್ಲ ಒಂದು ವಾಟ್ಸಾಪ್ ಗ್ರೂಪ್ ಬೇಕಾ?

ಹುಬ್ಬಳ್ಳಿ, ದಾವಣಗೆರೆ, ಮಂಗಳೂರಿನಂಥ ಊರುಗಳಲ್ಲಿ ವೆಬ್‌ಸೈಟ್ ಮಾಡಿಕೊಡುವ ಅನೇಕರು ಜೊತೆಗೆ ಹೋಸ್ಟಿಂಗನ್ನೂ, ಅಂದರೆ ಸೈಟ್ ಮತ್ತು ಮೇಲ್ ಇಡಲು ಸರ್ವರಿನಲ್ಲಿ ಜಾಗವನ್ನೂ, ಮಾರುತ್ತಾರೆ. ದೊಡ್ಡ ಕಂಪನಿಯಿಂದ ರೀಸೆಲ್ಲರ್ ಪ್ಲಾನ್ ತಗೊಂಡು, ಲಾಡ್ಜು, ಶಾಲೆ, ಬಟ್ಟೆ ಅಂಗಡಿ, ಸಹಕಾರ ಸಂಘಗಳಿಗೆ ವರ್ಷದ ಲೆಕ್ಕದಲ್ಲಿ ಕೊಡುವ ವ್ಯವಹಾರ. ಗ್ರಾಹಕರು ಹೆಚ್ಚಿದ ಹಾಗೆ ಫೋನ್ ಬಿಡುವು ಕೊಡುವುದಿಲ್ಲ. ಆಗ ಒಂದು ಉಪಾಯ ಹೊಳೆಯುತ್ತದೆ: ಎಲ್ಲರನ್ನೂ ಒಂದು ವಾಟ್ಸಾಪ್ ಗ್ರೂಪಿಗೆ ಹಾಕೋಣ, ಅವರೇ ಒಬ್ಬರಿಗೊಬ್ಬರು ಹೇಳಿಕೊಳ್ಳಲಿ, ನಮ್ಮ ಕೆಲಸ ಅರ್ಧ ಆಗುತ್ತೆ.

ಆಗಲ್ಲ. ಜಾಸ್ತಿಯೇ ಆಗುತ್ತದೆ. ಗ್ರೂಪ್ ಕೆಟ್ಟದ್ದು ಅಂತಲ್ಲ, ಅದು ಕೊನೆಯಲ್ಲಿ ಮಾಡುವ ಕೆಲಸ. ಅದಕ್ಕೂ ಮೊದಲು ಮಾಡಬೇಕಾದದ್ದು ಇಲ್ಲಿದೆ.

ಮೊದಲು, ಬರುವ ಕರೆಗಳನ್ನು ಬರೆದಿಡಿ

ಒಂದು ತಿಂಗಳು ಯಾರು ಫೋನ್ ಮಾಡಿದರು, ಯಾಕೆ ಮಾಡಿದರು ಅಂತ ಒಂದೊಂದು ಸಾಲು ಬರೆಯಿರಿ. ಮೇಲ್ ಪಾಸ್‌ವರ್ಡ್ ಮರೆತಿದೆ. ಮೇಲ್‌ಬಾಕ್ಸ್ ತುಂಬಿದೆ. ಡೊಮೇನ್ ಅವಧಿ ಮುಗಿದಿದೆ. ಬ್ರೌಸರಿನಲ್ಲಿ ‘ನಾಟ್ ಸೆಕ್ಯೂರ್’ ಬರುತ್ತಿದೆ. ‘ಸೈಟ್ ಬರ್ತಿಲ್ಲ ಸರ್’ ಅಂತ ಒಂದೇ ಸಾಲಿನ ದೂರು, ಯಾವ ಸೈಟ್ ಅಂತ ಹೇಳದೆ.

ಈ ಪಟ್ಟಿಯನ್ನು ಸುಮ್ನೆ ಒಮ್ಮೆ ಓದಿ ನೋಡಿ. ಹೆಚ್ಚಿನವು ಒಬ್ಬೊಬ್ಬರ ಖಾತೆಗೆ ಸೇರಿದ ತೊಂದರೆಗಳು. ಲಾಡ್ಜಿನವರ ಮೇಲ್‌ಬಾಕ್ಸಿನಲ್ಲಿ ಏನಾಗಿದೆ ಅಂತ ಬಟ್ಟೆ ಅಂಗಡಿಯವರು ನೋಡಲಾಗದು, ನೋಡಲೂಬಾರದು. ಹಾಗಿದ್ದ ಮೇಲೆ ಅವರು ಸಹಾಯ ಮಾಡುವುದು ಹೇಗೆ? ಗ್ರೂಪಿನಲ್ಲಿ ನಿಜವಾಗಿ ಬಗೆಹರಿಯುವ ಪ್ರಶ್ನೆಗಳು ಈ ಪಟ್ಟಿಯಲ್ಲಿ ಎಷ್ಟಿವೆ ಅಂತ ಎಣಿಸಿದರೆ ನಿಮ್ಮ ಉತ್ತರ ನಿಮಗೇ ಸಿಗುತ್ತದೆ.

ಎರಡನೆಯದು, ಪದೇ ಪದೇ ಹೇಳುವುದನ್ನು ಒಮ್ಮೆ ಬರೆದುಬಿಡಿ

ಕನ್ನಡದಲ್ಲೇ ಬರೆಯಿರಿ, ಸ್ಕ್ರೀನ್‌ಶಾಟ್ ಹಾಕಿ. ‘ನಮ್ಮ ಮೇಲ್ ಜಿಮೇಲ್‌ಗೆ ಹೋಗ್ತಿಲ್ಲ’ ಅನ್ನುವ ದೂರನ್ನೇ ತಗೊಳ್ಳಿ. 2024ರ ಫೆಬ್ರುವರಿಯಿಂದ ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸುವವರೆಲ್ಲ ಎಸ್‌ಪಿಎಫ್ ಅಥವಾ ಡಿಕೆಐಎಂ ಎರಡರಲ್ಲಿ ಒಂದನ್ನಾದರೂ ಇಟ್ಟುಕೊಂಡಿರಬೇಕು ಅಂತ ಗೂಗಲ್ ನಿಯಮ ಮಾಡಿದೆ. ಮೇಲ್ ನಿಜವಾಗಿ ಆ ಡೊಮೇನಿನಿಂದಲೇ ಬಂದಿದೆ ಅಂತ ತೋರಿಸುವ ರೆಕಾರ್ಡ್‌ಗಳು ಇವು. ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನೆಲ್ ತಂತ್ರಾಂಶದ ‘ಇಮೇಲ್ ಡೆಲಿವರಬಿಲಿಟಿ’ ಪುಟ ತೆರೆದರೆ ಪ್ರತಿ ಡೊಮೇನ್ ಎದುರಿಗೆ ಇವು ಸರಿಯಿವೆಯೋ ಇಲ್ಲವೋ ಕಾಣುತ್ತದೆ. ತಪ್ಪಿದ್ದರೆ ‘ರಿಪೇರ್’ ಒತ್ತಿದರೆ ಆಯಿತು.

ಆದರೆ ಡೊಮೇನ್‌ನ ಡಿಎನ್‌ಎಸ್ (ಈ ರೆಕಾರ್ಡ್‌ಗಳನ್ನು ಇಡುವ ಜಾಗ) ಬೇರೆ ಕಡೆ ಇದ್ದರೆ ಆ ಬಟನ್‌ನಿಂದ ಪ್ರಯೋಜನ ಇಲ್ಲ. ಅಲ್ಲಿ ತೋರಿಸುವ ರೆಕಾರ್ಡನ್ನು ಕಾಪಿ ಮಾಡಿ ಆ ಕಡೆ ಹಾಕಬೇಕು. ಇನ್ನೊಂದು ಎಡವಟ್ಟು ಇಲ್ಲೇ ಆಗುವುದು. ಗ್ರಾಹಕರು ಬಲ್ಕ್ ಮೇಲ್ ಕಳಿಸುವ ಸೇವೆ ಯಾವುದಾದರೂ ತಗೊಂಡಿರುತ್ತಾರೆ. ಅದರ ಜೊತೆ ಬಂದ ಎಸ್‌ಪಿಎಫ್ ರೆಕಾರ್ಡನ್ನು ಹಳೆಯದರ ಕೆಳಗೆ ಹಾಗೇ ಸೇರಿಸುತ್ತಾರೆ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ರೆಕಾರ್ಡ್ ಇರಬೇಕು. ಎರಡಾದರೆ ಪರೀಕ್ಷೆಯೇ ಕೆಡುತ್ತದೆ. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಬರೆಯಬೇಕು. ಇಂಥ ಒಂದು ಪುಟ ನಿಮ್ಮಲ್ಲಿದ್ದರೆ ಲಿಂಕ್ ಕಳಿಸಿದರೆ ಸಾಕು, ಹತ್ತು ನಿಮಿಷದ ಫೋನ್ ಕರೆ ಉಳಿಯುತ್ತದೆ.

ಮೂರನೆಯದು, ದೂರುಗಳು ಬರುವ ಜಾಗ ಒಂದೇ ಇರಲಿ. ಬಿಲ್ಲಿಂಗಿಗೆ ಡಬ್ಲ್ಯುಎಚ್‌ಎಂಸಿಎಸ್ ತಂತ್ರಾಂಶ ಬಳಸುತ್ತಿದ್ದರೆ, ಪ್ರತಿ ದೂರನ್ನೂ ನಂಬರ್ ಕೊಟ್ಟು ದಾಖಲಿಸುವ ಟಿಕೆಟ್ ವ್ಯವಸ್ಥೆ ಅದರಲ್ಲೇ ಇದೆ. ಇಲ್ಲದಿದ್ದರೆ ಓಎಸ್‌ಟಿಕೆಟ್ ಅನ್ನುವ ಓಪನ್ ಸೋರ್ಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ‘ನಮ್ಮವರು ಟಿಕೆಟ್ ಬರೆಯಲ್ಲ, ಫೋನೇ ಮಾಡೋದು’ ಅನ್ನುತ್ತೀರಿ, ಅಲ್ವಾ? ಮಾಡಲಿ. ಫೋನ್ ಇಟ್ಟ ಮೇಲೆ ಅವರ ಹೆಸರಿನಲ್ಲಿ ನೀವೇ ಟಿಕೆಟ್ ಬರೆದುಕೊಳ್ಳಿ.

ನಾಲ್ಕನೆಯದು, ಸರ್ವರ್ ಬಿದ್ದ ದಿನಕ್ಕೆ ಈಗಲೇ ತಯಾರಾಗಿ

ಗ್ರೂಪಿನ ನಿಜವಾದ ಪರೀಕ್ಷೆ ಆ ದಿನವೇ. ನೀವು ಸರ್ವರ್ ಮುಂದೆ ಕೂತಿರಬೇಕಾದ ಹೊತ್ತಿನಲ್ಲಿ ಇನ್ನೂರು ಜನ ಒಂದೇ ಪ್ರಶ್ನೆ ಕೇಳುತ್ತಿರುತ್ತಾರೆ. ಒಬ್ಬರ ಗಾಬರಿ ಇನ್ನೊಬ್ಬರಿಗೆ ಹತ್ತುತ್ತದೆ. ಹಾಗಾಗಿ ಎಲ್ಲ ಗ್ರಾಹಕರಿಗೂ ಬೇಕಿರುವುದು ಹರಟೆಯ ಗ್ರೂಪ್ ಅಲ್ಲ, ನೀವು ಮಾತ್ರ ಬರೆಯುವ ಸೂಚನಾ ಫಲಕ. ವಾಟ್ಸಾಪ್ ಚಾನೆಲ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಅದನ್ನೊಂದನ್ನೇ ನಂಬಬೇಡಿ, 2021ರ ಅಕ್ಟೋಬರ್ 4ರಂದು ವಾಟ್ಸಾಪ್ಪೇ ಸುಮಾರು 6 ಗಂಟೆ ನಿಂತುಹೋಗಿತ್ತು. ಜೊತೆಗೆ ಸರ್ವರಿನ ಸ್ಥಿತಿ ತೋರಿಸುವ ಒಂದು ಸ್ಟೇಟಸ್ ವೆಬ್ ಪುಟ ಇರಲಿ, ಅದು ನಿಮ್ಮ ಸರ್ವರ್ ಬಿಟ್ಟು ಬೇರೆ ಕಂಪನಿಯ ಸರ್ವರಿನಲ್ಲಿರಲಿ. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಅನ್ನುವ ಫೈಲ್ ಸಂಗ್ರಹದ ಸೇವೆ ಕೆಟ್ಟಾಗ, ತೊಂದರೆ ತೋರಿಸಬೇಕಿದ್ದ ಅವರ ಡ್ಯಾಶ್‌ಬೋರ್ಡೇ ಎಸ್3 ಮೇಲೆ ನಿಂತಿತ್ತು. ಅದನ್ನು ಬದಲಿಸಲಾಗದೆ ಟ್ವಿಟರ್‌ನಲ್ಲಿ ತಿಳಿಸಬೇಕಾಯಿತು.

ಸೂಚನೆ ಹೀಗಿರಲಿ: ‘ಬೆಳಿಗ್ಗೆ 10.20ರಿಂದ ಸರ್ವರ್ 3ರ ಸೈಟ್‌ಗಳು ತೆರೆಯುತ್ತಿಲ್ಲ. ಡಿಸ್ಕ್ ತೊಂದರೆ. ಇಮೇಲ್ ನಡೆಯುತ್ತಿದೆ. ನೀವು ಏನೂ ಮಾಡಬೇಕಿಲ್ಲ. ಮುಂದಿನ ಸುದ್ದಿ 11 ಗಂಟೆಗೆ.’ ಹನ್ನೊಂದಕ್ಕೆ ಹೇಳಲು ಹೊಸದೇನೂ ಇಲ್ಲದಿದ್ದರೆ ‘ಇನ್ನೂ ಕೆಲಸ ನಡೆದಿದೆ’ ಅಂತಲಾದರೂ ಬರೆಯಿರಿ. ‘ಶೀಘ್ರದಲ್ಲೇ ಸರಿಪಡಿಸುತ್ತೇವೆ’ ಅನ್ನುವ ಮಾತನ್ನು ಯಾರೂ ನಂಬುವುದಿಲ್ಲ. ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್ ಕಂಪನಿ 2017ರ ಜನವರಿ 31ರಂದು ಕೈತಪ್ಪಿ ತನ್ನದೇ ಡೇಟಾಬೇಸ್ ಅಳಿಸಿಕೊಂಡಿತು. ಬ್ಯಾಕಪ್‌ಗಳೂ ಕೈಕೊಟ್ಟವು. ಆದರೂ ದುರಸ್ತಿಯ ಕೆಲಸವನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿತು. ಅಷ್ಟು ದೂರ ಹೋಗಬೇಕಾಗಿಲ್ಲ, ಮುಚ್ಚಿಡದಿದ್ದರೆ ಸಾಕು.

ಐದನೆಯದು, ಕಾನೂನಿನ ಎರಡು ವಿಷಯ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸೈಟ್ ಹ್ಯಾಕ್ ಆದಂಥ ಘಟನೆಗಳನ್ನು ನಿಮ್ಮ ಗಮನಕ್ಕೆ ಬಂದ ಅಥವಾ ಯಾರಾದರೂ ಗಮನಕ್ಕೆ ತಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು. ಸರ್ವರಿನ ಲಾಗ್‌ಗಳನ್ನು (ಯಾವಾಗ ಏನು ನಡೆಯಿತು ಅನ್ನುವ ದಾಖಲೆಗಳನ್ನು) 180 ದಿನ ಇಡಬೇಕು. ರಾತ್ರಿ ಒಂದು ಗಂಟೆಗೆ ಗ್ರೂಪಿನಲ್ಲಿ ಯಾರೋ ‘ನಮ್ಮ ಸೈಟ್ ಹ್ಯಾಕ್ ಆಗಿದೆ’ ಅಂತ ಬರೆದು, ಅದು ಬೆಳಗಿನ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋದರೆ? ಇನ್ನು, ಗ್ರೂಪಿಗೆ ಸೇರಿಸಿದಾಗ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಅದು ಅವರ ವೈಯಕ್ತಿಕ ಡೇಟಾ. ಅದನ್ನು ಕಾಪಾಡಲೆಂದೇ 2023ರಲ್ಲಿ ಕಾಯ್ದೆ ಬಂದಿದೆ. ಕೇಳದೆ ಯಾರನ್ನೂ ಸೇರಿಸಬೇಡಿ.

ಈಗ ಗ್ರೂಪಿನ ಮಾತು

ಇಷ್ಟೆಲ್ಲ ಆದ ಮೇಲೂ ಗ್ರೂಪ್ ಬೇಕೆನಿಸಿದರೆ, ಡಿಸೈನರ್‌ಗಳಿಗೆ ಮಾತ್ರ ಮಾಡಿ. ನಿಮ್ಮಿಂದ ಹೋಸ್ಟಿಂಗ್ ತಗೊಂಡು ಹತ್ತಾರು ಜನರ ಸೈಟ್ ನೋಡಿಕೊಳ್ಳುವವರು ಇರುತ್ತಾರಲ್ಲ, ಅವರಿಗೆ. ವರ್ಡ್‌ಪ್ರೆಸ್ ಪ್ಲಗಿನ್ ಯಾವುದು ಒಳ್ಳೆಯದು, ಪಿಎಚ್‌ಪಿ ಆವೃತ್ತಿ ಏರಿಸಿದರೆ ಯಾವ ಥೀಮ್ ಮುರಿಯುತ್ತದೆ ಅಂತೆಲ್ಲ ಅವರವರಲ್ಲಿ ಮಾತಿಗೆ ವಿಷಯವಿದೆ. ಅಂಗಡಿಯವರಿಗೆ ಇದೆಲ್ಲ ಬೇಡ. ಅವರಿಗೆ ಬೇಕಾದದ್ದು ಫೋನ್ ಎತ್ತುವ ಒಬ್ಬ ಮನುಷ್ಯ.

ಗ್ರೂಪಿನಲ್ಲಿ ಯಾರೂ ಪಾಸ್‌ವರ್ಡ್ ಹಾಕಬಾರದು. ಪಾಸ್‌ವರ್ಡ್ ಕಾಣುವ ಸ್ಕ್ರೀನ್‌ಶಾಟ್ ಕೂಡ ಹಾಕಬಾರದು. ನಿಮ್ಮ ಕಡೆಯವರು ಗ್ರೂಪಿನ ಮೂಲಕ ಎಂದೂ ಹಣ ಕೇಳುವುದಿಲ್ಲ ಅಂತ ಮೊದಲೇ ಸ್ಪಷ್ಟವಾಗಿ ಹೇಳಿಬಿಡಿ. ನಿಮ್ಮ ಲೋಗೋವನ್ನೇ ಡಿಪಿ ಮಾಡಿಕೊಂಡು ‘ಡೊಮೇನ್ ಮುಗಿದಿದೆ, ಈ ಕ್ಯೂಆರ್‌ಗೆ ಹಾಕಿ’ ಅನ್ನುವ ಮೋಸಗಾರನಿಗೆ ಗ್ರಾಹಕರ ನಂಬರ್‌ಗಳ ಪಟ್ಟಿ ಇದಕ್ಕಿಂತ ಸುಲಭವಾಗಿ ಬೇರೆಲ್ಲೂ ಸಿಗದು.

ಅಲ್ಲಿ ಬರುವ ಉತ್ತರಗಳನ್ನು ನಿಮ್ಮವರೊಬ್ಬರು ದಿನವೂ ಓದಲೇಬೇಕು. ‘ಫೋಲ್ಡರ್‌ಗೆ 777 ಪರ್ಮಿಷನ್ ಕೊಡಿ, ಸರಿಹೋಗುತ್ತೆ’ ಅಂತ ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿಯಾರು. ಕೆಲವು ಸರ್ವರ್‌ಗಳಲ್ಲಿ ಹಾಗೆ ಮಾಡಿದರೆ ಸೈಟ್ 500 ಎರರ್ ಕೊಡುತ್ತದೆ. ಬೇರೆ ಕಡೆ ತೊಂದರೆ ಹೋದಂತೆ ಕಾಣುತ್ತದೆ, ಆದರೆ ಆ ಫೋಲ್ಡರಿನಲ್ಲಿ ಯಾವ ಬಳಕೆದಾರ ಬೇಕಾದರೂ ಫೈಲ್ ಬರೆಯುವ ಹಾಗಾಗುತ್ತದೆ. ಸಲಹೆ ಕೊಟ್ಟವರು ಗ್ರಾಹಕರೇ ಆದರೂ ಆಮೇಲೆ ಬೈಸಿಕೊಳ್ಳುವವರು ನೀವು.

ಕೊನೆಯದಾಗಿ ದರ. 2019ರಲ್ಲಿ ಸಿಪ್ಯಾನೆಲ್ ಖಾತೆಗಳ ಲೆಕ್ಕದಲ್ಲಿ ಹಣ ಕೇಳಲು ಶುರು ಮಾಡಿದ ಮೇಲೆ ಎಷ್ಟೋ ರೀಸೆಲ್ಲರ್‌ಗಳು ಹೊಸಬರಿಗೆ ದರ ಏರಿಸಿ, ಹಳಬರನ್ನು ಹಳೆಯ ದರದಲ್ಲೇ ಬಿಟ್ಟಿರಬಹುದು. ಗ್ರೂಪ್ ಶುರುವಾದರೆ ‘ನನಗೆ ಎರಡೂವರೆ ಸಾವಿರ, ಅವರಿಗೆ ಯಾಕೆ ಸಾವಿರದ ಎಂಟುನೂರು?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಗ್ರೂಪಿನ ಲಿಂಕ್ ಕಳಿಸುವ ಮೊದಲು ನಿಮ್ಮ ದರಪಟ್ಟಿ ತೆಗೆದು, ಎಲ್ಲರೆದುರು ಓದಿ ಹೇಳಬಹುದಾದ ಹಾಗೆ ಅದನ್ನು ಸರಿಮಾಡಿಕೊಳ್ಳಿ.