ಹಳೆಯ ವಿಸಿಆರ್, ಹೊಸ ಎಚ್‌ಡಿ ಟಿವಿ: ನಾನು ಜೋಡಿಸುವ ಕ್ರಮ

ಮಂಗಳೂರು, ಉಡುಪಿ ಕಡೆ ವಿಎಚ್‌ಎಸ್ ವಿಡಿಯೊ ಕ್ಯಾಸೆಟ್ ಇರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಮದುವೆ, ಉಪನಯನ, ಪರ್ಯಾಯದ ಮೆರವಣಿಗೆ, ಬೆಳಗಿನವರೆಗೆ ನಡೆದ ಯಕ್ಷಗಾನ ಮೇಳದ ಆಟ. ಅವನ್ನು ಓಡಿಸುವ, ಗಲ್ಫಿನಿಂದ ಬಂದ ವಿಸಿಆರ್ ಕೂಡ ಕಪಾಟಿನಲ್ಲಿರುತ್ತದೆ. ಆದರೆ ಹೊಸ ಟಿವಿಯ ಹಿಂದೆ ಹಳದಿ (ಚಿತ್ರಕ್ಕೆ), ಬಿಳಿ, ಕೆಂಪು (ಧ್ವನಿಗೆ) ಪಿನ್ ಹಾಕುವ ಜಾಗ ಕಾಣಿಸುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ ಕೂಡಲೇ ಕೈಗೆ ಬರುವುದು ಹಳೆಯ ಸಿಗ್ನಲನ್ನು ಟಿವಿಯ ಡಿಜಿಟಲ್ ಪೋರ್ಟ್‌ಗೆ ಹೊಂದಿಸುವ ಎಚ್‌ಡಿಎಂಐ ಕನ್ವರ್ಟರ್ ಡಬ್ಬಿ. ನಾನು ಅದನ್ನು ಬೇರೆ ದಾರಿ ಇಲ್ಲದಾಗ ಮಾತ್ರ ಬಳಸುತ್ತೇನೆ. ಟೇಪಿನ ಸಿಗ್ನಲ್ ಮೊದಲೇ ದುರ್ಬಲ. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ವಿವರ ಸುಮಾರು 240 ಗೆರೆಯಷ್ಟೇ. ಅದನ್ನು ಅನಲಾಗ್‌ನಿಂದ ಡಿಜಿಟಲ್‌ಗೆ ಒಂದೇ ಸಲ, ಆದಷ್ಟು ಒಳ್ಳೆಯ ಚಿಪ್‌ನಲ್ಲಿ ಬದಲಾಯಿಸಬೇಕು. ಅಂಥ ಚಿಪ್ ಹೆಚ್ಚಾಗಿ ಟಿವಿಯೊಳಗೇ ಇರುತ್ತದೆ.

ಆದ್ದರಿಂದ ಮೊದಲು ಟಾರ್ಚ್ ಹಿಡಿದು ಟಿವಿಯ ಹಿಂಭಾಗ, ಪಕ್ಕ ಎರಡನ್ನೂ ನೋಡಿ. 'ಎವಿ ಇನ್' ಎಂದು ಬರೆದ, ಇಯರ್‌ಫೋನ್ ತೂತಿನಂಥ 3.5 ಮಿ.ಮೀ. ಜಾಕ್ ಅನೇಕ ಟಿವಿಗಳಲ್ಲಿದೆ. ಅದಕ್ಕೆ ಹೋಗುವ ಕೇಬಲ್‌ನ ಒಂದು ತುದಿಯಲ್ಲಿ ನಾಲ್ಕು ಭಾಗದ ಪಿನ್, ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಆರ್‌ಸಿಎ ಸಾಕೆಟ್. ಟಿವಿಯ ಡಬ್ಬದಲ್ಲೇ ಬಂದದ್ದಿದ್ದರೆ ಅದನ್ನೇ ಹಾಕಿ. ಹೊರಗಿನಿಂದ ತಂದ ಕೇಬಲ್ ನೋಡಲು ಒಂದೇ ತರಹ ಇದ್ದರೂ ಒಳಗಿನ ವೈರಿಂಗ್ ಬೇರೆ ಇರಬಹುದು. ಸಾಮಾನ್ಯವಾಗಿ ಕಾಣುವ ಒಂದು ಕ್ರಮದಲ್ಲಿ ತುದಿ ಎಡ ಆಡಿಯೊ, ಮೊದಲ ಉಂಗುರ ಬಲ ಆಡಿಯೊ, ಎರಡನೆಯದು ಗ್ರೌಂಡ್, ಬುಡದ ಭಾಗ ವಿಡಿಯೊ. ಕ್ಯಾಮ್‌ಕಾರ್ಡರ್ ಕೇಬಲ್‌ಗಳಲ್ಲಿ ವಿಡಿಯೊ ಮತ್ತು ಆಡಿಯೊ ಅದಲುಬದಲಾಗಿರುವುದುಂಟು. ಚಿತ್ರ ಬಾರದೆ ಸ್ಪೀಕರ್‌ನಲ್ಲಿ ಜೋರಾಗಿ ಗುಂಯ್ ಎಂದರೆ ವಿಸಿಆರ್‌ನ ಹಳದಿ ಪಿನ್ನನ್ನು ಕೆಂಪು ಸಾಕೆಟ್‌ಗೆ, ಆಮೇಲೆ ಬಿಳಿಗೆ ಹಾಕಿ ನೋಡಿ.

ಗ್ರೌಂಡ್ ಜಾಗವೇ ತಪ್ಪಿದ್ದರೆ ಎಷ್ಟು ಅದಲುಬದಲು ಮಾಡಿದರೂ ಪ್ರಯೋಜನವಿಲ್ಲ. ಇದನ್ನು ನಾನು ಮಲ್ಟಿಮೀಟರ್‌ನಲ್ಲಿ ಪರೀಕ್ಷಿಸುತ್ತೇನೆ. ಟಿವಿಯ ಪ್ಲಗ್ ಗೋಡೆಯಿಂದ ಪೂರ್ತಿ ತೆಗೆದು, ಕೇಬಲನ್ನು ಎವಿ ಜಾಕ್‌ಗೆ ಸಿಕ್ಕಿಸಿ, ಮೀಟರ್‌ನ ಒಂದು ಕಡ್ಡಿಯನ್ನು ಹಳದಿ ಸಾಕೆಟ್‌ನ ಹೊರ ಲೋಹಕ್ಕೆ, ಇನ್ನೊಂದನ್ನು ಟಿವಿಯ ಎಚ್‌ಡಿಎಂಐ ಪೋರ್ಟ್‌ನ ಹೊರಕವಚಕ್ಕೆ ತಾಗಿಸಿ. ಸೊನ್ನೆಯ ಹತ್ತಿರ ಓಮ್ ತೋರಿಸಿದರೆ ಗ್ರೌಂಡ್ ಸರಿಯಾಗಿ ಕೂತಿದೆ. 75 ಓಮ್ ಹತ್ತಿರ ಬಂದರೆ ಆ ಲೋಹ ಟಿವಿಯ ವಿಡಿಯೊ ಇನ್‌ಪುಟ್‌ಗೆ ತಾಗುತ್ತಿದೆ ಎಂದರ್ಥ, ಕೇಬಲ್ ಬದಲಿಸಿ. ಇನ್ನೊಂದು ಸಣ್ಣ ತೊಂದರೆ: ಟಿವಿಯ ಜಾಕ್ ತಗ್ಗಿನಲ್ಲಿದ್ದು ಪಿನ್ನಿನ ಪ್ಲಾಸ್ಟಿಕ್ ಹಿಡಿ ದಪ್ಪವಾಗಿದ್ದರೆ ಅದು ಪೂರ್ತಿ ಒಳಗೆ ಹೋಗುವುದಿಲ್ಲ, ಎಲ್ಲ ಸಂಪರ್ಕಗಳೂ ಸ್ವಲ್ಪ ಸ್ವಲ್ಪ ಜಾರುತ್ತವೆ. ಬ್ಲೇಡಿನಲ್ಲಿ ಆ ಪ್ಲಾಸ್ಟಿಕ್ ಒಂದಿಷ್ಟು ಕೆತ್ತಿದರೆ ಸರಿಹೋಗುತ್ತದೆ.

ಕೆಲವು ಟಿವಿಗಳಲ್ಲಿ ಕಾಂಪೊನೆಂಟ್‌ನ (ಚಿತ್ರವನ್ನು ಹಸಿರು, ನೀಲಿ, ಕೆಂಪು ಮೂರು ಪಿನ್‌ಗಳಲ್ಲಿ ಕಳಿಸುವ ಪದ್ಧತಿ) ಹಸಿರು ಸಾಕೆಟ್ಟೇ ಹಳದಿ ಪಿನ್ನಿಗೂ ಜಾಗ. ಅಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಟಿವಿ ಇನ್ನೂ ಕಾಂಪೊನೆಂಟ್ ಮೋಡ್‌ನಲ್ಲಿದೆ. ಸೋರ್ಸ್ ಮೆನುವಿನಲ್ಲಿ 'ಎವಿ' ಆಯ್ದುಕೊಳ್ಳಿ. ವಿಸಿಆರ್‌ಗೆ ಒಂದೇ ಆಡಿಯೊ ಔಟ್ ಇದ್ದರೆ ಅದನ್ನು ಎರಡಾಗಿ ಒಡೆಯುವ ವೈ ಪಿನ್ ಹಾಕಿ, ಇಲ್ಲವಾದರೆ ಚೆಂಡೆ ಮದ್ದಳೆ ಎಲ್ಲ ಎಡ ಸ್ಪೀಕರ್‌ನಲ್ಲೇ ಕೇಳಿಸುತ್ತದೆ.

ಎವಿ ಜಾಕ್ ಇಲ್ಲವೇ ಇಲ್ಲ ಎಂದಾದರೆ ಮಾತ್ರ ಕನ್ವರ್ಟರ್. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಡಬ್ಬಿಯ ಮೇಲಿನ ದಿಕ್ಕು ಓದಿ: 'ಎವಿ ಟು ಎಚ್‌ಡಿಎಂಐ' ಬೇಕು, 'ಎಚ್‌ಡಿಎಂಐ ಟು ಎವಿ' ಅಲ್ಲ. ಎರಡೂ ಒಂದೇ ಆಕಾರದಲ್ಲಿರುತ್ತವೆ, ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಅದಕ್ಕೆ ಬೇಕಾದ 5 ವೋಲ್ಟನ್ನು ಟಿವಿಯ ಯುಎಸ್‌ಬಿಯಿಂದ ಕೊಡುವ ಬದಲು 1 ಆಂಪ್‌ನ ಮೊಬೈಲ್ ಚಾರ್ಜರ್‌ನಿಂದ ಕೊಡುತ್ತೇನೆ. ಕರೆಂಟ್ ಸಾಲದಿದ್ದರೆ ಚಿತ್ರ ಆಗಾಗ ಮಾಯವಾಗುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನ ಟೇಪಿನಲ್ಲಿ ಸೆಕೆಂಡಿಗೆ 25 ಫ್ರೇಮ್. ಅಗ್ಗದ ಡಬ್ಬಿಗಳು ಹೆಚ್ಚಾಗಿ 60 ಹರ್ಟ್ಸ್‌ನಲ್ಲೇ ಹೊರಗೆ ಕಳಿಸುತ್ತವೆ. ವೇಷಧಾರಿ ಗಿರಕಿ ಹಾಕುವಾಗ ಚಿತ್ರ ತಡವರಿಸುವುದು ಅದರಿಂದಲೇ, ವಿಸಿಆರ್ ಹಾಳಾಗಿ ಅಲ್ಲ. ಡಬ್ಬಿಯ 1080ಪಿ ಸ್ವಿಚ್ ಒತ್ತಿದರೆ ಟೇಪಿನಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ.

ಡಿವಿಡಿ ಪ್ಲೇಯರ್ ಆದರೆ ಕೆಲಸ ಸುಲಭ: ಎಚ್‌ಡಿಎಂಐ ಇದ್ದರೆ ಅದು, ಇಲ್ಲದಿದ್ದರೆ ಕಾಂಪೊನೆಂಟ್, ಹಳದಿ ಪಿನ್ ಕೊನೆಗೆ.

ಕರೆಂಟಿನ ವಿಷಯದಲ್ಲಿ ಒಂದು ಕ್ರಮವನ್ನು ಬಿಡಬೇಡಿ. ಎಲ್ಲ ಪ್ಲಗ್ ತೆಗೆದು, ಮೊದಲು ಎವಿ ಪಿನ್‌ಗಳನ್ನು ಹಾಕಿ, ಕೊನೆಗೆ ಮೇನ್ಸ್. ಎರಡು ಪಿನ್ನಿನ ಪ್ಲಗ್ ಇರುವ ಸಲಕರಣೆಗಳ ಲೋಹಕ್ಕೆ ಸಣ್ಣ ಲೀಕೇಜ್ ಬರುತ್ತದೆ. ಬೆರಳಿಗೆ ಜುಮ್ಮೆನ್ನುವುದು ಅದೇ, ಪಿನ್ ಹಾಕುವಾಗ ಇನ್‌ಪುಟ್ ಸುಡುವುದೂ ಅದರಿಂದಲೇ. ಟಿವಿ, ವಿಸಿಆರ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದರೆ ಗುಂಯ್ ಸದ್ದು ಕಡಿಮೆ. ಡಿಶ್ ಕೇಬಲ್ ಬಿಚ್ಚಿದ ಕೂಡಲೇ ಸದ್ದು ನಿಂತರೆ ಕಾರಣ ಆ ಕೇಬಲ್‌ನ ಗ್ರೌಂಡ್. ಮಳೆಗಾಲದ ಮುಂಚೆ ಮತ್ತು ತುಲಾ ಮಾಸದ ಗುಡುಗು ಸಿಡಿಲಿನ ಸಂಜೆಗಳಲ್ಲಿ ಪ್ಲಗ್ಗಿನ ಜತೆ ಆ ಕೇಬಲನ್ನೂ ಕಳಚಿಡಿ.

ಚಿತ್ರ ಬಂದ ಮೇಲೆ ಟಿವಿಯನ್ನು 4:3ಕ್ಕೆ ಇಡಿ. ಅಗಲಕ್ಕೆ ಎಳೆದರೆ ಮದುಮಗಳ ಮುಖ ಊದುತ್ತದೆ. ಜೂಮ್ ಮಾಡಿದರೆ ತಲೆಯ ಮೇಲಿನ ಮಲ್ಲಿಗೆ ಕತ್ತರಿಸಿ ಹೋಗುತ್ತದೆ. ಶಾರ್ಪ್‌ನೆಸ್ ಕೆಳಗಿಳಿಸಿ, ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಕೆಂಪು ಬಣ್ಣ ಅಂಚು ದಾಟಿ ಪಕ್ಕಕ್ಕೆ ಹರಡುವುದು ವಿಎಚ್‌ಎಸ್‌ನ ಗುಣ, ಬಣ್ಣವನ್ನು ಸ್ವಲ್ಪ ಇಳಿಸಿದರೆ ಕಣ್ಣಿಗೆ ಕಡಿಮೆ ಕಾಣುತ್ತದೆ. ಕೆಳ ಅಂಚಿನಲ್ಲಿ ಕುಣಿಯುವ ಪಟ್ಟಿ ವಿಸಿಆರ್‌ನಲ್ಲಿ ಟೇಪನ್ನು ಓದುವ ಹೆಡ್ ಬದಲಾಗುವ ಗುರುತು. ಹಳೆಯ ಟಿವಿಯಲ್ಲಿ ಅದು ಚೌಕಟ್ಟಿನ ಹಿಂದೆ ಅಡಗುತ್ತಿತ್ತು. ನಡುನಡುವೆ ಟಿವಿ ನೀಲಿಯಾಗಿ 'ಸಿಗ್ನಲ್ ಇಲ್ಲ' ಎಂದರೆ ಮೊದಲು ವಿಸಿಆರ್‌ನ ಟ್ರ್ಯಾಕಿಂಗ್ (ಹೆಡ್ಡನ್ನು ಟೇಪಿನ ಗೆರೆಗಳಿಗೆ ಹೊಂದಿಸುವುದು) ಸರಿಪಡಿಸಿ, ಟೇಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಿಸಿ ಮತ್ತೆ ಸುತ್ತಿ. ಆದರೂ ನಿಲ್ಲದಿದ್ದರೆ ವಿಸಿಆರ್ ಮತ್ತು ಟಿವಿ ನಡುವೆ ಡಿವಿಡಿ ರೆಕಾರ್ಡರ್ ಇಟ್ಟು ಹಾಯಿಸಿ ನೋಡಿ. ಕೆಲವು ರೆಕಾರ್ಡರ್‌ಗಳು ಅಲುಗಾಡುವ ಸಿಂಕನ್ನು (ಚಿತ್ರವನ್ನು ಜಾಗದಲ್ಲಿ ನಿಲ್ಲಿಸುವ ಸಂಕೇತ) ಸ್ಥಿರಗೊಳಿಸಿ ಕೊಡುತ್ತವೆ.

ಕರಾವಳಿಯಲ್ಲಿ ನನಗೆ ಹೆಚ್ಚು ಚಿಂತೆ ಬೂಷ್ಟಿನದು. ಕ್ಯಾಸೆಟ್‌ನ ಕಿಟಕಿಯನ್ನು ಬೆಳಕಿಗೆ ಹಿಡಿದಾಗ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಹುಡಿಯೋ ನೂಲಿನಂಥ ಗೆರೆಯೋ ಕಂಡರೆ ಅದನ್ನು ವಿಸಿಆರ್‌ಗೆ ಹಾಕಲೇಬೇಡಿ. ಹೆಡ್ ಕಟ್ಟಿಕೊಳ್ಳುತ್ತದೆ, ಅದರ ಬೆನ್ನಿಗೆ ಹಾಕಿದ ಒಳ್ಳೆಯ ಕ್ಯಾಸೆಟ್‌ಗೂ ಬೂಷ್ಟು ಅಂಟುತ್ತದೆ. ಹೆಡ್ ಒರೆಸಲು ಶಾಮಿ ಚರ್ಮದ ಕಡ್ಡಿ ಮತ್ತು 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಪ್ಲಗ್ ತೆಗೆದು, ಕಡ್ಡಿಯನ್ನು ಹೆಡ್ ಕೂತಿರುವ ಡ್ರಮ್‌ಗೆ ಒತ್ತದೆ ಸ್ಥಿರವಾಗಿ ತಾಗಿಸಿ ಹಿಡಿದು, ಡ್ರಮ್ಮನ್ನು ಕೈಯಿಂದ ಮೆಲ್ಲ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ಅದರ ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. 2016ರಲ್ಲಿ ಜಪಾನಿನ ಫುನಾಯ್ ಕಂಪನಿ ತಯಾರಿಕೆ ನಿಲ್ಲಿಸಿದ ಮೇಲೆ ಹೊಸ ವಿಸಿಆರ್ ತಯಾರಾಗುವುದಿಲ್ಲ. ಒಂದು ಹೆಡ್ ಹೋದರೆ ಬದಲಿಗೆ ಇನ್ನೊಂದು ಹಳೆಯ ಯಂತ್ರವನ್ನೇ ಹುಡುಕಬೇಕು.

ಎಲ್ಲ ಸರಿಯಿದ್ದೂ ಒಂದೇ ಕ್ಯಾಸೆಟ್ ಕಪ್ಪು ಬಿಳುಪಾಗಿ ಬಂದರೆ ಅದು ಎಲ್ಲಿ ರೆಕಾರ್ಡ್ ಆದದ್ದು ಎಂದು ಮನೆಯವರನ್ನು ಕೇಳಿ. ಸೌದಿಯಲ್ಲಿ ಹಿಂದೆ ಪಾಲ್ ಅಲ್ಲದೆ ಸೆಕಾಮ್ ಎಂಬ ಬಣ್ಣದ ಪದ್ಧತಿಯಿತ್ತು. ಅಲ್ಲಿ ಟಿವಿಯಿಂದ ತುಂಬಿಸಿಕೊಂಡ ಟೇಪಿಗೆ ವಿಸಿಆರ್‌ನ ಸಿಸ್ಟಮ್ ಸ್ವಿಚ್ಚನ್ನು 'ಮೆಸೆಕಾಮ್'ಗೆ ತಿರುಗಿಸಬೇಕು, ಟಿವಿಯ ಕಲರ್ ಸಿಸ್ಟಮ್ಮನ್ನು 'ಆಟೊ' ಅಥವಾ ಸೆಕಾಮ್‌ನಲ್ಲಿಡಬೇಕು. ಅಮೆರಿಕದಿಂದ ಬಂದದ್ದಾದರೆ ಅಲ್ಲಿನ ಪದ್ಧತಿ ಎನ್‌ಟಿಎಸ್‌ಸಿ. ಅದನ್ನು ಓಡಿಸುವ ನಮ್ಮ ವಿಸಿಆರ್‌ಗಳಲ್ಲಿ ಹಲವು 'ಪಾಲ್ 60' ಎಂಬ ಬೆರಕೆ ಸಿಗ್ನಲ್ ಕೊಡುತ್ತವೆ. ಕನ್ವರ್ಟರ್ ಡಬ್ಬಿಗೆ ಅದು ಅರ್ಥವಾಗದೆ ಬಣ್ಣ ಹೋಗಬಹುದು, ಅದೇ ಟೇಪು ಟಿವಿಯ ಎವಿ ಜಾಕ್‌ನಲ್ಲಿ ಸಾಮಾನ್ಯವಾಗಿ ಬಣ್ಣದಲ್ಲೇ ಬರುತ್ತದೆ.