ಮಿಲಿಟರಿಯವರ ಮನೆಯಲ್ಲಿ ಮಕ್ಕಳ ಓದು: ಅಪ್ಪನ ರಜೆಗೆ ಕಾಯಬೇಡಿ

ನಮ್ಮ ಬೀದಿಯ ಕೊನೆಮನೆಯ ಹುಡುಗಿ ಹೋದ ವಾರ ಬಂದಿದ್ದಳು. ಗಂಡ ಸೈನ್ಯದಲ್ಲಿದ್ದಾನೆ, ಮಗಳಿಗೆ ಆರು ವರ್ಷ, ಅಷ್ಟರಲ್ಲೇ ಎರಡು ಶಾಲೆ ಬದಲಾಗಿದೆ. "ಆಂಟಿ, ನಿಮ್ಮ ಸೊಸೆ ಮಕ್ಕಳನ್ನ ಮನೆಯಲ್ಲೇ ಓದಿಸ್ತಾರಂತಲ್ಲ, ನಾನೂ ಹಾಗೇ ಮಾಡಲಾ" ಅಂತ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಜಾಸ್ತಿನೇ ಆಗಬಹುದು, ವಯಸ್ಸಾದವರ ಕೈಗೆ ಫೋನ್ ಸಿಕ್ಕರೆ ಹಾಗೇ ಅಲ್ವಾ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದವರು, ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇದೆಯಲ್ಲ, ಅದೇ. 2003ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂತು. ಮಗನೂ ಅದೇ ದಾರಿ ಹಿಡಿದ. ಅವನ ಹೆಂಡತಿ, ಅಂದರೆ ನಮ್ಮ ಸೊಸೆ, ಬಿಎಸ್ಸಿ ಬಿಎಡ್ ಓದಿದವಳು. ದೊಡ್ಡ ಮೊಮ್ಮಗ ನಾಲ್ಕು ವರ್ಷದೊಳಗೆ ಮೂರು ಶಾಲೆ, ಮೂರು ಯೂನಿಫಾರ್ಮು, ಮೂರು ಥರದ ಪಾಠ ನೋಡಿದ ಮೇಲೆ, "ಅತ್ತೆ, ಇನ್ನು ಸಾಕು, ನಾನೇ ಕಲಿಸ್ತೀನಿ" ಅಂದಳು. ನಾನು ಮೊದಲು ಒಪ್ಪಲಿಲ್ಲ. ಈಗಲೂ ಹೇಳುತ್ತೇನೆ, ಹತ್ತಿರದಲ್ಲಿ ಕೇಂದ್ರೀಯ ವಿದ್ಯಾಲಯವೋ ಆರ್ಮಿ ಶಾಲೆಯೋ ಇದ್ದು ಸೀಟು ಸಿಕ್ಕರೆ ಸುಮ್ನೆ ಸೇರಿಸಿ. ಮನೆಯಲ್ಲಿ ಓದಿಸುವುದು ಸುಲಭದ ಕೆಲಸ ಅಂದುಕೊಂಡು ಶುರು ಮಾಡಬೇಡಿ. ಆದರೆ ಶುರು ಮಾಡಿದ ಮೇಲೆ ಒಂದೇ ಒಂದು ಮಾತು ನೆನಪಿಡಿ. ಮಗುವಿನ ಯಾವ ಕೆಲಸವನ್ನೂ ಅಪ್ಪನ ರಜೆಗೆ ಗಂಟು ಹಾಕಬೇಡಿ.

ನಾನು ಹಾಕಿದ್ದೆ. 1987ರ ದಸರಾಕ್ಕೆ ಮಗನಿಗೆ ಅಕ್ಷರಾಭ್ಯಾಸ ಮಾಡಿಸಬೇಕು ಅಂತ ಇತ್ತು. ಅದೇ ಹೊತ್ತಿಗೆ ಇವರು ಶ್ರೀಲಂಕಾಕ್ಕೆ ಹೊರಟರು, ಶಾಂತಿಪಾಲನಾ ಪಡೆ ಹೋಯಿತಲ್ಲ, ಆಗ. ಅಪ್ಪ ಇಲ್ಲದೆ ಹೇಗೆ ಮಾಡೋದು, ಮುಂದಿನ ದಸರಾಕ್ಕೆ ನೋಡೋಣ ಅಂದರು ನಮ್ಮತ್ತೆ. ಮುಂದಿನ ದಸರಾಕ್ಕೂ ಇವರು ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಅಕ್ಷರಾಭ್ಯಾಸ ಆಗದೆ ಸ್ಲೇಟು ಮುಟ್ಟಿಸಬಾರದು ಅಂತ ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದರು. ಕೊನೆಗೆ 1990ರಲ್ಲಿ ಇವರು ವಾಪಸ್ ಬಂದಾಗ ತಟ್ಟೆಯಲ್ಲಿ ಅಕ್ಕಿ ಹರಡಿ, ಹುಡುಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು "ಶ್ರೀ" ಬರೆಸಲು ಹೋದರೆ, ಅವನು ಬೆರಳು ಬಿಡಿಸಿಕೊಂಡು ತಾನೇ ತನ್ನ ಪೂರ್ತಿ ಹೆಸರು ಬರೆದುಬಿಟ್ಟ, ಒತ್ತಕ್ಷರ ಸಮೇತ! ಎಲ್ಲರೂ ಮುಖ ಮುಖ ನೋಡಿಕೊಂಡೆವು. ಮಂಡಕ್ಕಿ ಕಟ್ಟಿಕೊಡುವ ಪೇಪರಿನಲ್ಲಿ ಕಲಿತದ್ದಂತೆ. ನಮ್ಮ ದಾವಣಗೆರೆಯಲ್ಲಿ ಮಂಡಕ್ಕಿ ಪೊಟ್ಟಣಕ್ಕೆ ಬರವೇ, ದಿನಾ ಸಂಜೆ ಒಂದು ಬರುತ್ತಿತ್ತು, ತಿಂದು ಮುಗಿದ ಮೇಲೆ ಪಕ್ಕದ ಮನೆಯ ಅಕ್ಕನ ಹತ್ತಿರ ಕೂತು ಓದಿಸಿಕೊಳ್ಳುತ್ತಿದ್ದ. ನಾವು ಶಾಸ್ತ್ರಕ್ಕೆ ಕಾಯುತ್ತಿದ್ದೆವು, ಹುಡುಗ ಕಾಯಲಿಲ್ಲ.

ಹಾಗಂತ ಎಲ್ಲವನ್ನೂ ಅಪ್ಪನ ಬಿಟ್ಟು ಮಾಡಿ ಅಂತಲೂ ಅಲ್ಲ. ಜಾವಳ ಕಾಯುತ್ತದೆ. ಗೃಹಪ್ರವೇಶ ಕಾಯುತ್ತದೆ. ಹುಟ್ಟುಹಬ್ಬದ ಊಟ ಬೇಕಾದರೆ ಎರಡು ಸಲ ಮಾಡಿ, ಯಾವ ಮಗುವೂ ಬೇಡ ಅನ್ನಲ್ಲ. ಆದರೆ ಮೊದಲ ಹಲ್ಲು ಬೀಳುವುದು, ಸೈಕಲ್ ಮೇಲೆ ಬ್ಯಾಲೆನ್ಸ್ ಸಿಗುವುದು, ತಾನೇ ಒಂದು ಪುಟ ಓದುವುದು, ಇವೆಲ್ಲ ಅಪ್ಪನ ಮೂವ್ಮೆಂಟ್ ಆರ್ಡರ್, ಅಂದರೆ ಸೈನ್ಯದಿಂದ ಹೊರಡುವ ಹುಕುಂ, ನೋಡಿಕೊಂಡು ಬರುವುದಿಲ್ಲ. ಹೆಣ್ಣುಮಗಳು ದೊಡ್ಡವಳಾಗುವುದೂ ಅಷ್ಟೇ. ನಮ್ಮ ಮಗಳು ದೊಡ್ಡವಳಾದಾಗ ಇವರು ರಾಜಸ್ಥಾನದ ಗಡಿಯಲ್ಲಿದ್ದರು. ಆರತಿ ನಾವೇ ಮಾಡಿ ಮುಗಿಸಿದೆವು, ಅಪ್ಪನಿಗೆ ಹೇಳುವುದೋ ಬೇಡವೋ ಅಂತ ಅವಳನ್ನೇ ಕೇಳಿದೆ, "ನೀನೇ ಹೇಳಮ್ಮ, ನನಗೆ ನಾಚಿಕೆ" ಅಂದಳು. ಅದು ಅವಳ ವಿಷಯ, ಅವಳು ಹೇಳಿದಂತೆ ಆಯಿತು.

ಇದಕ್ಕೆಲ್ಲ ನಮ್ಮನೆಯಲ್ಲಿ ಒಂದು ಪುಸ್ತಕ ಇದೆ, ಮಾಮೂಲಿ ಇನ್ನೂರು ಪುಟದ ನೋಟ್‌ಬುಕ್. ಹೆಸರು ಅಪ್ಪನ ಪುಸ್ತಕ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳಿಬ್ಬರೂ ತಲಾ ಎರಡು ಸಾಲು ಬರೆಯಬೇಕು, ಅಪ್ಪನಿಗೆ ಹೇಳುವಂಥದ್ದು. ಒಂದು ದಿನ "ಅಜ್ಜಿ ಸಾರಿಗೆ ಉಪ್ಪು ಮರೆತರು" ಅಂತ ಇರುತ್ತದೆ, ಇರಲಿ. ಫೋನ್ ಇದೆಯಲ್ಲ, ಇದು ಯಾಕೆ ಅಂತ ನೀವು ಕೇಳಬಹುದು. ಫೀಲ್ಡಿಗೆ ಹೋದರೆ ಫೋನನ್ನು ನಂಬುವಂತಿಲ್ಲ, ಹತ್ತು ದಿನ ನೆಟ್‌ವರ್ಕ್ ಇರಲ್ಲ, ಹನ್ನೊಂದನೇ ದಿನ ಎರಡು ನಿಮಿಷ ಸಿಕ್ಕರೆ ಊಟ ಆಯ್ತಾ, ಹುಷಾರಾಗಿದೀಯಾ ಅನ್ನುವಷ್ಟರಲ್ಲಿ ಕಟ್. ಪುಸ್ತಕ ಹಾಗಲ್ಲ. ಮಗ ರಜೆಗೆ ಬಂದ ಮೊದಲ ರಾತ್ರಿ ಅದನ್ನು ಹಿಡಿದು ಕೂತರೆ ಹನ್ನೆರಡು ಗಂಟೆಯಾದರೂ ಏಳುವುದಿಲ್ಲ. ಮಕ್ಕಳಿಗೆ ಕನ್ನಡ ಬರವಣಿಗೆಯೂ ಆಯಿತು, ನಾವು ಬೇರೆ ಕಾಪಿರೈಟಿಂಗ್ ಬರೆಸುವುದಿಲ್ಲ. ಇನ್ನೊಂದು ವಿಷಯ, "ಇವತ್ತು ರಾತ್ರಿ ಅಪ್ಪ ಫೋನ್ ಮಾಡ್ತಾರೆ" ಅಂತ ಮಗುವಿಗೆ ಯಾವತ್ತೂ ಮಾತು ಕೊಡಬೇಡಿ. ಬಂದಾಗ ಮಾತಾಡೋಣ, ಅಷ್ಟೇ ಹೇಳಿ.

ರಜೆಗೆ ಬಂದವರಿಗೂ ಒಂದು ಮಾತು ಹೇಳಬೇಕು. ಗಂಡಸರೇ, ಬಂದ ದಿನವೇ ಮಗ್ಗಿ ಕೇಳಬೇಡಿ! ನಮ್ಮ ಯಜಮಾನರು ಟ್ರಂಕು ಇಳಿಸಿ ನೀರು ಕುಡಿದ ತಕ್ಷಣ "ಹದಿನಾರೇಳ್ಲ ಎಷ್ಟು" ಅನ್ನುತ್ತಿದ್ದರು, ಹುಡುಗ ಅಕ್ಕಿ ಡ್ರಮ್ಮಿನ ಹಿಂದೆ ಹೋಗಿ ಕೂರುತ್ತಿದ್ದ. ಈಗ ನಮ್ಮನೆ ನಿಯಮ, ಅಪ್ಪ ಬಂದ ಮೊದಲ ವಾರ ಪಾಠ ಬಂದ್. ಎರಡನೇ ವಾರದಿಂದ ಅರ್ಧ ದಿನ. ಮನೆಯಲ್ಲಿ ಓದಿಸುವುದರ ಲಾಭ ಇದೇ, ಸೈನ್ಯದ ರಜೆ ಶಾಲೆಯ ಬೇಸಿಗೆ ರಜೆ ನೋಡಿಕೊಂಡು ಬರುವುದಿಲ್ಲ, ನಮ್ಮ ಪಾಠ ಅದರ ಜೊತೆ ಹೊಂದಿಕೊಳ್ಳಬಹುದು. ತಪ್ಪಿದ ಪಾಠವನ್ನು ಅವನು ಹೋದ ಮೇಲೆ ಹಿಡಿಯಿರಿ. ಮನೆ ಬಿಕೋ ಅನ್ನುವ ಆ ದಿನಗಳಲ್ಲಿ ಕೈಗೆ ಕೆಲಸ ಇದ್ದರೆ ಮಕ್ಕಳಿಗೂ ಒಳ್ಳೆಯದು, ಸೊಸೆಗೂ ಒಳ್ಳೆಯದು.

ಹೊತ್ತಿನ ವಿಷಯ. ದಾವಣಗೆರೆ ಬೇಸಿಗೆ ಗೊತ್ತಲ್ಲ, ಹನ್ನೊಂದಕ್ಕೆಲ್ಲ ತಾರಸಿ ಕಾದ ಹೆಂಚಾಗಿರುತ್ತದೆ. ಬೆಳಿಗ್ಗೆ ಆರೂವರೆಗೆ ಕೂತರೆ ಹತ್ತಕ್ಕೆ ಮುಗಿಸಿ ಏಳುತ್ತಾರೆ, ಮಧ್ಯೆ ಒಂದು ತಿಂಡಿ. ಮಧ್ಯಾಹ್ನ ಗುಂಡಿ ಹೊಲಿಯುವುದು, ಬಟ್ಟೆ ಮಡಚುವುದು, ಚಿತ್ರ ಬರೆಯುವುದು. ಗಂಟೆ ಎಲ್ಲೇ ಹೋದರೂ ಇದೇ, ಕ್ವಾರ್ಟರ್ಸಿಗೆ ಹೋದರೂ ಇದೇ. ಊರು ಬದಲಾದರೂ ಎದ್ದು ಕೂರುವ ಹೊತ್ತು ಬದಲಾಗದಿದ್ದರೆ ಮಕ್ಕಳು ಬೇಗ ಹೊಂದಿಕೊಳ್ಳುತ್ತಾರೆ. ನಮ್ಮ ಯಜಮಾನರು ಇದಕ್ಕೆಲ್ಲ ಸೀಟಿ ಊದಲು ಶುರು ಮಾಡಿದ್ದರು, ಸೀಟಿ ಈಗ ನನ್ನ ಬೀರುವಿನಲ್ಲಿದೆ.

ಪೋಸ್ಟಿಂಗ್ ಬಂದಾಗ ಮಕ್ಕಳ ಓದಿಗೆ ಒಂದೇ ಟ್ರಂಕು. ಅದೇ ಕರೀ ಟ್ರಂಕು, ಬಿಳಿ ಬಣ್ಣದಲ್ಲಿ ಹೆಸರು ನಂಬರು ಬರೆದದ್ದು. ಅದರೊಳಗೆ ಹಿಡಿಯದ್ದು ಬೇಡ. ಹೊಸ ಮನೆಗೆ ಕಾಲಿಟ್ಟಾಗ ಪಾತ್ರೆಗಿಂತ ಮುಂಚೆ ಇದು ತೆರೆಯಬೇಕು. ಈಶಾನ್ಯದ ಕಡೆ ಹೋಗುವವರಾದರೆ ಅಲ್ಲಿನ ಮಳೆಗೆ ಪುಸ್ತಕಕ್ಕೆಲ್ಲ ಬೂಸ್ಟು ಹಿಡಿಯುತ್ತದೆ, ತಳಕ್ಕೆ ಒಣಗಿದ ಬೇವಿನ ಸೊಪ್ಪು ಹಾಕಿ ಮೇಲೆ ಪೇಪರ್ ಹಾಸಿ, ಬಿಸಿಲು ಕಂಡ ದಿನ ಬಿಚ್ಚಿ ಹರಡಿ.

ಆ ಟ್ರಂಕಿನಲ್ಲಿ ಒಂದು ನವಾರದ ಪಟ್ಟಿ ಇದೆ. ಬೇರೆಯವರ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಮಕ್ಕಳ ಎತ್ತರ ಗೀಚುತ್ತಾರಲ್ಲ, ನಮಗೆ ಯಾವ ಬಾಗಿಲು? ಕ್ವಾರ್ಟರ್ಸ್ ಬಿಡುವಾಗ ಗೋಡೆಗೆಲ್ಲ ಸುಣ್ಣ ಬಳಿಸಿ ಕೊಡಬೇಕು. ಹಳೇ ನವಾರ ಮಂಚ ಬಿಚ್ಚಿದಾಗ ಆರು ಅಡಿಯ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಮೊಳೆಗೆ ತೂಗುಹಾಕಿ, ಕೆಳತುದಿ ನೆಲಕ್ಕೆ ತಾಗಿಸಿ, ಮಗುವನ್ನು ನಿಲ್ಲಿಸಿ, ತಲೆ ಮೇಲೆ ಸ್ಕೇಲಿಟ್ಟು ಗೆರೆ. ಪಕ್ಕದಲ್ಲಿ ತಾರೀಕು, ಊರು. ಮಗನ ಗೆರೆಗಳು ನೀಲಿ ಇಂಕಿನಲ್ಲಿ, ಈಗ ಸ್ವಲ್ಪ ಹರಡಿವೆ, ಮೊಮ್ಮಕ್ಕಳದ್ದು ಮಾರ್ಕರ್ ಪೆನ್ನು. ಸುತ್ತಿಟ್ಟರೆ ಅಂಗೈಯಷ್ಟು. ಮೊನ್ನೆ ಯುಗಾದಿಗೆ ದೊಡ್ಡವನು ಅವರಪ್ಪನ ಹದಿನಾಲ್ಕರ ಗೆರೆಯನ್ನು ಎರಡು ಬೆರಳು ದಾಟಿದ್ದಾನೆ, ಅವತ್ತಿಂದ ಅವನ ನಡಿಗೆಯೇ ಬೇರೆ.

ಹದಿನಾಲ್ಕು ಅಂದೆನಲ್ಲ, ಹತ್ತನೇ ತರಗತಿ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಎಲ್ಲರಿಗೂ ಇದೇ ಚಿಂತೆ. ಎನ್‌ಐಒಎಸ್ ಅಂತ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದೆ, 1989ರಲ್ಲಿ ಶುರುವಾದದ್ದು. ಹತ್ತನೆಯದಕ್ಕೆ ಹದಿನಾಲ್ಕು ತುಂಬಿರಬೇಕು. ಐದು ವಿಷಯ ತೆಗೆದುಕೊಳ್ಳಬೇಕು, ಕನ್ನಡವೂ ಇದೆ, ಪಾಸಾಗಲು ಶೇಕಡಾ 33. ಏಪ್ರಿಲ್-ಮೇನಲ್ಲಿ ಒಂದು, ಅಕ್ಟೋಬರ್-ನವೆಂಬರಿನಲ್ಲಿ ಒಂದು, ವರ್ಷಕ್ಕೆ ಎರಡು ಸಲ ಪರೀಕ್ಷೆ. ಐದು ವರ್ಷದೊಳಗೆ ಒಂಬತ್ತು ಅವಕಾಶ, ಪಾಸಾದ ವಿಷಯ ಜಮಾ ಆಗುತ್ತಾ ಹೋಗುತ್ತದೆ. ಪೋಸ್ಟಿಂಗಿನ ಮನೆಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ, ಈ ಸಲ ಎರಡು, ಮುಂದಿನ ಸಲ ಮೂರು ಅಂತ ಬರೆಯಬಹುದು. ನಮ್ಮವನು ಮೊದಲು ಕನ್ನಡ, ಸಮಾಜ ವಿಜ್ಞಾನ ಮುಗಿಸುತ್ತೇನೆ ಅಂತಿದ್ದಾನೆ. ಗಣಿತಕ್ಕೆ ಭಯ, ಅದು ಅವರಜ್ಜನ ಮಗ್ಗಿಯ ಪ್ರಭಾವವೋ ಏನೋ.

ಅರ್ಜಿ ಹಾಕುವ ಮುಂಚೆ ಕಾಗದಪತ್ರ ನೋಡಿಕೊಳ್ಳಿ. ಮಗು ಹುಟ್ಟಿದ್ದು ಅಪ್ಪನ ಯೂನಿಟ್ಟಿನ ಪಾರ್ಟ್ ಟೂ ಆರ್ಡರಿನಲ್ಲಿ, ಅಂದರೆ ಸೈನಿಕರ ಮನೆಯ ವಿವರ ಬರೆದಿಡುವ ಸೈನ್ಯದ ದಾಖಲೆಯಲ್ಲಿ, ದಾಖಲಾಗಿರುತ್ತದೆ. ಅಲ್ಲಿರುವ ಹೆಸರು, ಹುಟ್ಟಿದ ದಿನ, ಜನನ ಪ್ರಮಾಣಪತ್ರ, ಆಧಾರ್, ಡಿಪೆಂಡೆಂಟ್ ಕಾರ್ಡು, ಎಲ್ಲ ಒಂದೇ ಥರ ಇರಬೇಕು. ನಮ್ಮ ಮಗಳದ್ದು ಒಂದು ಕಡೆ 12, ಇನ್ನೊಂದು ಕಡೆ 21 ಅಂತ ಆಗಿತ್ತು, ಯಾರೋ ಗುಮಾಸ್ತರ ಕೈತಪ್ಪು. ಸರಿ ಮಾಡಿಸಲು ಎರಡು ವರ್ಷ ಓಡಾಡಿದೆ, ಒಬ್ಬರು ಅಲ್ಲಿ ಹೋಗಿ ಅಂದರೆ ಅಲ್ಲಿಯವರು ಇಲ್ಲಿ ಬನ್ನಿ ಅನ್ನುವುದು. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಇದ್ದರೂ ಈಗಲೇ ಸರಿಪಡಿಸಿ. ನಾಲ್ಕು ನಾಲ್ಕು ಜೆರಾಕ್ಸ್ ತೆಗೆಸಿ ಒಂದು ಸೆಟ್ ಊರಿನ ಮನೆಯಲ್ಲೇ ಇರಲಿ.

ಫೋಟೊ ಸ್ಟೇಟಸ್ ಹಾಕುವ ಚಟ ಇದ್ದವರು ಸ್ವಲ್ಪ ಕೈ ತಡೆಯಿರಿ. ಅಪ್ಪ ಯಾವ ಊರಿನಲ್ಲಿದ್ದಾನೆ, ಯಾವ ರೈಲಿಗೆ ಹೊರಟ, ಇದು ಮಕ್ಕಳ ಬಾಯಲ್ಲೂ ಹೊರಗೆ ಹೋಗಬಾರದು. ಚಿಕ್ಕವಳಿಗೆ ಅರ್ಥ ಮಾಡಿಸಿದ್ದು ಪಾರ್ಸಲ್ ವಿಳಾಸದಿಂದ. ಊರಿನ ಬದಲು 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ, ಅಂತ ಬರೆಯುತ್ತೇವಲ್ಲ, "ಅಜ್ಜಿ, ಇದು ಯಾವ ಊರು" ಅಂತ ಕೇಳಿದಳು. ಊರು ಗೊತ್ತಾಗಬಾರದು ಅಂತಲೇ ಹಾಗೆ ಬರೆಯೋದು ಪುಟ್ಟಿ ಅಂದೆ. ಅಷ್ಟು ಸಾಕಾಯಿತು.

ಮನೆಯಲ್ಲಿ ಓದುವ ಮಕ್ಕಳನ್ನು ಮನೆಯಲ್ಲೇ ಕೂರಿಸಬೇಡಿ. ನಮಗೆ ಅರವತ್ತು ಕಿಲೋಮೀಟರಿನಲ್ಲಿ ಚಿತ್ರದುರ್ಗ ಇದೆ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ಎಲ್ಲರೂ ತೋರಿಸುತ್ತಾರೆ, ನೀವು ನೀರು ತೋರಿಸಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ, ಬಿದ್ದ ಮಳೆ ಹೇಗೆ ಇಳಿದು ಬರುತ್ತದೆ ಅಂತ ನಡೆದೇ ನೋಡಬೇಕು. 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಪಾಠ ನಿಲ್ಲಿಸಿ ಮಕ್ಕಳನ್ನು ಕರೆದುಕೊಂಡು ಹೋದೆವು. ಅದರ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಎಷ್ಟು ವರ್ಷ ಆಯಿತು ಅಂತ ಅಲ್ಲೇ ಕಟ್ಟೆ ಮೇಲೆ ನಿಂತು ಲೆಕ್ಕ ಹಾಕಿದರು, ಎಂಬತ್ತೊಂಬತ್ತು ಅಂತ ಗೊತ್ತಾದ ಮೇಲೆ ಇಬ್ಬರೂ ಸುಮ್ಮನೆ ನೀರು ನೋಡುತ್ತಾ ನಿಂತುಬಿಟ್ಟರು.

ಅಪ್ಪ ಹೊರಡುವ ದಿನ ಮಕ್ಕಳಿಗೆ ಕೆಲಸ ಕೊಡಿ, ಅಳುವುದಕ್ಕೆ ಪುರುಸೊತ್ತು ಸಿಗಬಾರದು. ನಮ್ಮಲ್ಲಿ ಅದು ಖಡಕ್ ರೊಟ್ಟಿ ಕೆಲಸ. ಜೋಳದ ಹಿಟ್ಟಿಗೆ ಕುದಿನೀರು ಹಾಕಿ ಚೆನ್ನಾಗಿ ನಾದಿ ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಬೆಂದ ಮೇಲೆ ಸಣ್ಣ ಉರಿಯಲ್ಲಿ ಬಟ್ಟೆ ಉಂಡೆಯಿಂದ ಒತ್ತುತ್ತಾ ಪೂರ್ತಿ ಒಣಗಿಸಬೇಕು. ಒಂದು ಚೂರು ಮೆತ್ತಗೆ ಉಳಿದರೂ ದಾರಿಯಲ್ಲೇ ಬೂಸ್ಟು. ಆರಿದ ಮೇಲೆ ಡಬ್ಬಿಗೆ, ಜೊತೆಗೆ ಶೇಂಗಾ ಪುಡಿ, ಗುರೆಳ್ಳು ಪುಡಿ, ಒದ್ದೆ ಚಮಚ ಹಾಕಬೇಡ ಅಂತ ಮುಚ್ಚಳದ ಮೇಲೆ ಚೀಟಿ. ಎಣಿಸುವುದು ಚಿಕ್ಕವಳ ಪಾಲು. ಹೋದ ಸಲ ಅರವತ್ತು ಮಾಡಿದ್ದೆವು, ಜೋಡಿಸುವಾಗ ಹನ್ನೆರಡು ಮುರಿದವು. ಅಪ್ಪ ಬಾಗಿಲಲ್ಲಿ ಶೂ ಕಟ್ಟುತ್ತಿದ್ದ, ಇವಳು ಬೆರಳು ಮಡಚಿ ಮಡಚಿ ಕೊನೆಗೆ "ಶೇಕಡಾ ಇಪ್ಪತ್ತು ಲಾಸು ಅಜ್ಜಿ" ಅಂದಳು. ಲಾಸನ್ನೆಲ್ಲ ರಾತ್ರಿ ಮೊಸರಿಗೆ ಹಾಕಿಕೊಂಡು ನಾವೇ ತಿಂದೆವು.