ಸ್ಟೇನ್‌ಲೆಸ್ ಶೀಟಿಗೆ ಸ್ಪಾಟ್ ವೆಲ್ಡಿಂಗ್: ಮೊದಲು ಒತ್ತಡ, ಆಮೇಲೆ ಕರೆಂಟ್

ಪೀಣ್ಯದ ನಮ್ಮ ಶೆಡ್‌ನಲ್ಲಿ 304 ಗ್ರೇಡಿನ ಸ್ಟೇನ್‌ಲೆಸ್ ಶೀಟಿನಿಂದ ಹೋಟೆಲ್ ಅಡುಗೆಮನೆಗೆ ಟ್ರಾಲಿ, ರ‍್ಯಾಕ್ ಮಾಡುತ್ತೇವೆ. ಎರಡು ಶೀಟುಗಳನ್ನು ಮೆಷಿನ್ನಿನ ಎರಡು ಟಿಪ್ಪುಗಳ ನಡುವೆ ಒತ್ತಿ ಹಿಡಿದು, ಕರೆಂಟ್ ಹರಿಸಿ ಒಂದು ಚುಕ್ಕೆಯಷ್ಟು ಜಾಗದಲ್ಲಿ ಕರಗಿಸಿ ಬೆಸೆಯುವುದೇ ಸ್ಪಾಟ್ ವೆಲ್ಡಿಂಗ್. ಸ್ಪಾಟ್ ಗಟ್ಟಿ ಬರುತ್ತಿಲ್ಲ ಅಂದರೆ ಹುಡುಗರ ಕೈ ಸೀದಾ ಕರೆಂಟ್ ನಾಬಿಗೆ ಹೋಗುತ್ತದೆ. ನಾನು ಮೊದಲು ನೋಡುವುದು ಟಿಪ್ಪುಗಳನ್ನು ಒತ್ತುವ ಏರ್ ಪ್ರೆಶರ್.

ಸ್ಟೇನ್‌ಲೆಸ್ ಕರೆಂಟನ್ನು ಮೈಲ್ಡ್ ಸ್ಟೀಲಿಗಿಂತ ಹಲವು ಪಟ್ಟು ಜಾಸ್ತಿ ತಡೆಯುತ್ತದೆ. ಹುಟ್ಟಿದ ಬಿಸಿ ಬೇಗ ಹರಡುವುದೂ ಇಲ್ಲ. ಹಾಗಾಗಿ ಕಡಿಮೆ ಕರೆಂಟಿಗೇ ಕರಗುತ್ತದೆ. ಆದರೆ ಕಾದ ಮೇಲೂ ಬಿಗಿಯಾಗಿಯೇ ಇರುತ್ತದೆ, ಜೋರಾಗಿ ಒತ್ತಲೇಬೇಕು. ಒತ್ತಡ ಸಾಲದಿದ್ದರೆ ಕರಗಿದ ಲೋಹ ಶೀಟುಗಳ ನಡುವಿನಿಂದ ಚಿಮ್ಮುತ್ತದೆ. ಕಿಡಿ ಹಾರಿದರೆ ಚೆನ್ನಾಗಿ ಕೂತಿತು ಅಂತ ಹಲವರು ನಂಬುತ್ತಾರೆ. ಹಾರಿ ಹೋದದ್ದು ಜಾಯಿಂಟಿನೊಳಗೆ ಉಳಿಯಬೇಕಿದ್ದ ಲೋಹವೇ ಅಲ್ವಾ?

1 ಮಿ.ಮೀ. ಶೀಟುಗಳ ಜೋಡಿಗೆ ನಾನು 4 ಕಿಲೋನ್ಯೂಟನ್ ಆಸುಪಾಸು ಒತ್ತಡ, ಕರೆಂಟ್ ಹರಿಯಲು 6ರಿಂದ 8 ಸೈಕಲ್ ಸಮಯ ಇಡುತ್ತೇನೆ. ನಮ್ಮ 50 ಹರ್ಟ್ಜ್ ಸಪ್ಲೈನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಇವೆರಡನ್ನೂ ಮುಟ್ಟದೆ ಕರೆಂಟನ್ನು ಮಾತ್ರ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗುತ್ತೇನೆ. ಕರೆಂಟ್ 10% ಏರಿದರೆ ಬಿಸಿ 21% ಏರುತ್ತದೆ, ಅದಕ್ಕೇ ಅವಸರ ಮಾಡುವುದಿಲ್ಲ.

ಪ್ರತಿ ಸೆಟ್ಟಿಂಗಿಗೂ ಒಂದು ತುಂಡನ್ನು ವೈಸ್‌ಗೆ ಕಚ್ಚಿಸಿ ಪ್ಲೈಯರ್‌ನಲ್ಲಿ ಸೀಳಿ ನೋಡುತ್ತೇನೆ. ಕರೆಂಟ್ ಕಡಿಮೆಯಿದ್ದಾಗ ಶೀಟುಗಳು ಸುಮ್ನೆ ಬಿಟ್ಟುಕೊಳ್ಳುತ್ತವೆ, ಮಂಕಾದ ಒಂದು ಉಂಗುರದ ಗುರುತಷ್ಟೇ ಉಳಿಯುತ್ತದೆ. ಸರಿಯಾದ ಹಂತಕ್ಕೆ ಬಂದಾಗ ಒಂದು ಶೀಟಿನಲ್ಲಿ ತೂತು ಬಿದ್ದು, ಇನ್ನೊಂದರ ಮೇಲೆ ಬೆಸೆದ ಲೋಹದ ತುಂಡು, ಅಂದರೆ ಬಟನ್ ನಿಲ್ಲುತ್ತದೆ. ಅದರ ವ್ಯಾಸವನ್ನು ವರ್ನಿಯರ್‌ನಲ್ಲಿ ಅಳೆಯುತ್ತೇನೆ. ಮಿ.ಮೀ.ನಲ್ಲಿ ಶೀಟಿನ ದಪ್ಪದ ವರ್ಗಮೂಲದ 5 ಪಟ್ಟು ನನ್ನ ಗುರಿ, 4 ಪಟ್ಟಿಗಿಂತ ಕಡಿಮೆಯಾದರೆ ರಿಜೆಕ್ಟ್. 1 ಮಿ.ಮೀ.ಗೆ 5 ಮಿ.ಮೀ. ಬಟನ್. ಇನ್ನೂ ಏರಿಸಿದರೆ ಕಿಡಿ ಶುರು, ಟಿಪ್ ಒತ್ತಿದ ಗುಂಡಿ ಆಳವಾಗುತ್ತದೆ, ಅಂಚು ತೆಳುವಾಗಿ ಬಲ ಮತ್ತೆ ಇಳಿಯುತ್ತದೆ. ಕಿಡಿ ಹಾರುವ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸುತ್ತೇನೆ.

ಸೆಟ್ಟಿಂಗ್ ಮುಟ್ಟದೆಯೂ ಜಾಯಿಂಟ್ ಸೊರಗುವುದುಂಟು. ಟಿಪ್ಪಿನ ಮುಖ ಸವೆದು ವ್ಯಾಸ 5 ಮಿ.ಮೀ.ನಿಂದ 6 ಮಿ.ಮೀ.ಗೆ ಏರಿದರೆ ಅದರ ವಿಸ್ತೀರ್ಣ 44% ಹೆಚ್ಚುತ್ತದೆ. ಅದೇ ಕರೆಂಟ್ ಅಗಲಕ್ಕೆ ಹಂಚಿಹೋಗಿ ಬಟನ್ ಚಿಕ್ಕದಾಗುತ್ತದೆ.

ಇನ್ನೊಂದು ವಿಷಯ. ಹತ್ತಿರದಲ್ಲಿ ಎರಡನೇ ಸ್ಪಾಟ್ ಹಾಕಿದಾಗ ಕರೆಂಟಿನ ಒಂದು ಪಾಲು ಮೊದಲ ಸ್ಪಾಟಿನ ಮೂಲಕ ಸೋರುತ್ತದೆ. ಅದಕ್ಕೇ ಟೆಸ್ಟ್ ತುಂಡಿನಲ್ಲೂ ಕೆಲಸದಲ್ಲಿರುವಷ್ಟೇ ಅಂತರ ಬಿಟ್ಟು ಎರಡು ಸ್ಪಾಟ್ ಹಾಕುತ್ತೇನೆ. ಅಳೆಯುವುದು ಎರಡನೆಯದನ್ನು.